ಕೀಲಿ ತಿರುಗಿಸುವ ಮುನ್ನ



ವಾಹನಗಳ ಆಶೀರ್ವಾದಕ್ಕೆಂದು ದೇವಾಲಯದ ಅಂಗಳದಲ್ಲಿ ಸಾಲಾಗಿ ನಿಂತಿರುವ ನಿಮ್ಮ ಬೈಕು, ಕಾರು, ಆಟೋಗಳನ್ನು ಈಗತಾನೇ ನೋಡಿಬಂದೆ. ಸಾಲಿನ ಕೊನೆಯಲ್ಲಿ ಒಂದು ಹಳೆಯ ಬಿಳಿ ಕಾರು ನಿಂತಿದೆ. ಮಕ್ಕಳು ಅದನ್ನು ಸುತ್ತುವರಿದು, "ಇದು ಓಡುತ್ತದೆಯೇ?" ಎಂದು ಕೇಳುತ್ತಿದ್ದರು. ಓಡುತ್ತದೆ ಮಕ್ಕಳೇ. ಇಪ್ಪತ್ತೆರಡು ವರ್ಷ ನಿಂತಲ್ಲೇ ನಿಂತಿದ್ದ ಆ ಕಾರು ಮತ್ತೆ ಓಡುತ್ತಿದೆ. ಅದು ಹೇಗೆ ಎಂಬುದೇ ಇಂದಿನ ನನ್ನ ಮಾತು.

ಅದು ನನ್ನ ತಂದೆಯವರು 1978ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ. ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಅದು 'ಫಿಯೆಟ್'. ಇಟಲಿಯ ಫಿಯೆಟ್ 1100 ಮಾದರಿಯ ಈ ಕಾರನ್ನು ಮುಂಬಯಿಯ ಕುರ್ಲಾದಲ್ಲಿ ತಯಾರಿಸುತ್ತಿದ್ದರು. 1089 ಸಿಸಿ ಎಂಜಿನ್, ನಾಲ್ಕು ಗೇರ್, ಗೇರಿನ ಹಿಡಿ ಸ್ಟೇರಿಂಗಿನ ಪಕ್ಕದಲ್ಲಿ. 2001ರ ಮಳೆಗಾಲದಲ್ಲಿ ತಂದೆ ಕಾಯಿಲೆ ಬಿದ್ದಾಗ ಕಾರು ಕೊಟ್ಟಿಗೆ ಸೇರಿತು. ಮರುವರ್ಷ ಅವರು ತೀರಿಕೊಂಡರು. ಆಮೇಲೆ ಜಮೀನು ಪಾಲಾಯಿತು. ಪಾಲಿನ ದಿನ ಆಡಬಾರದ ಮಾತುಗಳನ್ನು ಆಡಿ, ನಾನೂ ನನ್ನ ಅಣ್ಣನೂ ಮಾತು ಬಿಟ್ಟೆವು. ಕಾರಿದ್ದ ಕೊಟ್ಟಿಗೆ ಅಣ್ಣನ ಪಾಲಿಗೆ ಹೋಯಿತು. ಕಾರಿನ ಕೀಲಿ ನನ್ನ ಪೆಟ್ಟಿಗೆಯಲ್ಲೇ ಉಳಿಯಿತು.

2023ರ ಅಕ್ಟೋಬರ್ ಕೊನೆಯಲ್ಲಿ ಮುಂಬಯಿಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿಗಳು ಮರೆಯಾದವು. ಆ ಸುದ್ದಿಯನ್ನು ಟಿವಿಯಲ್ಲಿ ನೋಡಿದ ನಮ್ಮ ಅಮ್ಮ, "ನಮ್ಮದು ಇನ್ನೂ ಇದೆಯಲ್ಲ. ಅದರಲ್ಲಿ ಒಮ್ಮೆ ಕುಳಿತು ದೇವಾಲಯಕ್ಕೆ ಹೋಗಬೇಕು ಮಗ" ಎಂದರು. ಎಂಬತ್ತು ದಾಟಿದ ತಾಯಿಯ ಮಾತನ್ನು ಹೇಗೆ ತೆಗೆದುಹಾಕಲಿ? ಕೀಲಿ ಹಿಡಿದು ಅಣ್ಣನ ಅಂಗಳಕ್ಕೆ ಹೋದೆ. ಅವನು ಒಂದೂ ಮಾತಾಡದೆ ಕೊಟ್ಟಿಗೆಯ ಬಾಗಿಲು ತೆರೆದ.

ಹೊಸ ಬ್ಯಾಟರಿ ಹಾಕಿ ಕೀಲಿ ತಿರುಗಿಸಿದರೆ ಆಯಿತು ಎಂದುಕೊಂಡಿದ್ದೆ. ಎಪ್ಪತ್ತು ದಾಟಿದ ನಮ್ಮೂರ ಮೆಕ್ಯಾನಿಕ್ ನನ್ನ ಕೈ ಹಿಡಿದು ನಿಲ್ಲಿಸಿದರು. "ಓಡಿದ ಗಾಡಿ ಸವೆಯುತ್ತದೆ, ನಿಂತ ಗಾಡಿ ಕೊಳೆಯುತ್ತದೆ. ಇದನ್ನು ಎಬ್ಬಿಸಲು ಅವಸರ ಮಾಡಿದರೆ ಇದ್ದದ್ದನ್ನೂ ಕಳೆದುಕೊಳ್ಳುತ್ತೀರಿ" ಎಂದರು.

ಮೊದಲನೆಯದಾಗಿ, ಬಲವಂತ ಮಾಡಬಾರದು. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಎಣ್ಣೆಯೆಲ್ಲ ಕೆಳಗಿಳಿದು ಸಿಲಿಂಡರಿನ ಗೋಡೆ ಒಣಗಿರುತ್ತದೆ. ಪಿಸ್ಟನ್ನಿನ ರಿಂಗುಗಳು ತುಕ್ಕಿನಿಂದ ಅಲ್ಲೇ ಅಂಟಿರಬಹುದು. ಬ್ಯಾಟರಿಯ ಬಲದಿಂದ ಎಳೆದರೆ ರಿಂಗು ಮುರಿಯುತ್ತದೆ, ಗೋಡೆ ಗೀರುತ್ತದೆ. ಆದುದರಿಂದ ನಾಲ್ಕೂ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ರಂಧ್ರಕ್ಕೂ ಸ್ವಲ್ಪ ಎಣ್ಣೆ ಬಿಟ್ಟು ಕಾಯಬೇಕು. ನಾವು ಒಂದು ವಾರ ಕಾದೆವು. ಆಮೇಲೆ ನಾಲ್ಕನೇ ಗೇರಿಗೆ ಹಾಕಿ, ಅಣ್ಣ ಹಿಂದಿನಿಂದ, ನಾನು ಪಕ್ಕದಿಂದ ಮೆಲ್ಲನೆ ತಳ್ಳಿದೆವು. ಮೊದಲ ದಿನ ಅಲುಗಲಿಲ್ಲ. ಮತ್ತೆ ಎಣ್ಣೆ, ಮತ್ತೆ ಕಾಯುವಿಕೆ. ನಾಲ್ಕನೆಯ ದಿನ ಒಳಗೇನೋ ನಿಟ್ಟುಸಿರು ಬಿಟ್ಟಂತೆ ಎಂಜಿನ್ ತಿರುಗಿತು. "ತಿರುಗಿತು" ಎಂದ ಅಣ್ಣ. ಎಷ್ಟೋ ವರ್ಷಗಳ ನಂತರ ಅವನು ನನಗೆ ಹೇಳಿದ ಮೊದಲ ಮಾತು ಅದು.

ಎರಡನೆಯದಾಗಿ, ಹಳೆಯದನ್ನು ಹೊರಹಾಕದೆ ಹೊಸದನ್ನು ತುಂಬಬಾರದು. ಟ್ಯಾಂಕಿನ ಪೆಟ್ರೋಲು ಕೆಟ್ಟು ವಾರ್ನಿಷಿನಂತೆ ನಾರುತ್ತಿತ್ತು. ಅದರ ಅಂಟು ಕಾರ್ಬುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚಿತ್ತು. ಟ್ಯಾಂಕನ್ನು ಇಳಿಸಿ ತೊಳೆದೆವು. ಪೆಟ್ರೋಲ್ ಪಂಪಿನ ಒಳಗಿನ ಪೊರೆ ಬಿರುಕು ಬಿಟ್ಟಿದ್ದರೆ ಪೆಟ್ರೋಲು ಸೋರಿ ಎಂಜಿನ್ ಎಣ್ಣೆಗೆ ಬೆರೆಯುತ್ತದೆ. ಅದಕ್ಕೆ ಪೊರೆಯನ್ನೂ, ಎಂಜಿನ್ ಎಣ್ಣೆಯನ್ನೂ ಬದಲಿಸಿದೆವು. ಇಂದಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಆ ಕಾಲದ ರಬ್ಬರು ಅದನ್ನು ತಾಳದು ಎಂದು ಪೈಪುಗಳನ್ನೂ ಹೊಸದಾಗಿ ಹಾಕಿದೆವು. ಗಾಳಿ ಶೋಧಕದಲ್ಲಿ ಇಲಿಗಳು ಸಂಸಾರ ಹೂಡಿದ್ದವು. ಅವು ಕಡಿದ ವೈರುಗಳನ್ನು ನೋಡದೆ ಬ್ಯಾಟರಿ ಜೋಡಿಸಿದ್ದರೆ ಕಾರಿಗೂ ಕೊಟ್ಟಿಗೆಗೂ ಬೆಂಕಿ ಬೀಳುತ್ತಿತ್ತು.

ಕೊನೆಗೆ ಕಾರನ್ನು ಅಂಗಳಕ್ಕೆ ತಳ್ಳಿ, ಚಕ್ರಗಳಿಗೆ ಕಲ್ಲು ಕೊಟ್ಟೆವು. ಮುಚ್ಚಿದ ಕೊಟ್ಟಿಗೆಯೊಳಗೆ ಎಂಜಿನ್ ಓಡಿಸಿದರೆ ಅದರ ವಿಷಾನಿಲ ಪ್ರಾಣ ತೆಗೆಯುತ್ತದೆ, ಇದನ್ನು ಯಾರೂ ಮರೆಯಬೇಡಿ. ಕೀಲಿ ತಿರುಗಿಸಿದೆ. ಕೆಮ್ಮಿತು, ನೀಲಿ ಹೊಗೆ ಬಿಟ್ಟಿತು, ನಿಂತಿತು. ಮೂರನೆಯ ಸಲ ಹತ್ತಿಕೊಂಡಿತು. ಅಂಗಳದ ಕೆಳತುದಿಯ ಕಟ್ಟೆಯ ಮೇಲೆ ಕುಳಿತಿದ್ದ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮೂರನೆಯದಾಗಿ ಹೇಳಬೇಕಾದದ್ದು ನನ್ನ ತಪ್ಪಿನ ಕಥೆ. "ಬ್ರೇಕಿನ ರಬ್ಬರುಗಳು ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಗಾಡಿಯನ್ನು ಅಲುಗಿಸಬೇಡಿ" ಎಂದು ಹೇಳಿ ಮೆಕ್ಯಾನಿಕ್ ಹೊರಟುಹೋದರು. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ಒಳಗೆ ತುಕ್ಕು ಹಿಡಿಯುತ್ತದೆ, ರಬ್ಬರು ಕಲ್ಲಾಗುತ್ತದೆ. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ನಾಲ್ಕೂ ಚಕ್ರದ ಬ್ರೇಕಿಗೆ ಒಂದೇ ದಾರಿ. ಒಂದು ಕಡೆ ಸೋರಿದರೆ ನಾಲ್ಕೂ ಹೋದಂತೆ. ಇಷ್ಟೆಲ್ಲ ಕೇಳಿದ್ದ ನಾನು ಪೆಡಲ್ ಒತ್ತಿ ನೋಡಿದೆ. ಗಟ್ಟಿಯಾಗಿಯೇ ಇತ್ತು. "ಒಂದು ಹತ್ತು ಅಡಿ, ಕಲ್ಲು ತೆಗೆ" ಎಂದೆ. ಅಣ್ಣ ಬೇಡವೆಂದ. ನಾನೇ ಇಳಿದು ತೆಗೆದೆ.

ಕಾರು ಇಳಿಜಾರಿನಲ್ಲಿ ಉರುಳಿತು. ಎರಡನೆಯ ಸಲ ಒತ್ತಿದಾಗ ಪೆಡಲ್ ನೆಲ ಮುಟ್ಟಿತು. ಕೈಬ್ರೇಕು ಸಡಿಲವಾಗಿ ಕೈಗೆ ಬಂತು. ಎದುರಿಗೆ ಕಟ್ಟೆ, ಕಟ್ಟೆಯ ಮೇಲೆ ಅಮ್ಮ. ಅಣ್ಣ ಓಡಿಬಂದು ಹಿಂದಿನ ಚಕ್ರದ ಮುಂದೆ ಕಲ್ಲು ತಳ್ಳಿದ. ಕಾರು ಕಟ್ಟೆಗೆ ಮಾರು ದೂರದಲ್ಲಿ ನಿಂತಿತು. ಅವನ ಅಂಗೈ ಸೀಳಿ ರಕ್ತ ಸುರಿಯುತ್ತಿತ್ತು.

ಪ್ರಿಯರೇ, ಎಂಜಿನ್ ಹತ್ತಿಕೊಂಡಾಗ ಕೆಲಸ ಮುಗಿಯಿತು ಎಂದು ನನಗನಿಸಿತ್ತು. ಆದರೆ ನಿಲ್ಲಲು ಬಾರದ ಗಾಡಿ ಓಡಲು ಯೋಗ್ಯವಲ್ಲ. ಪಾಲಿನ ದಿನವೂ ನನಗೆ ಇಲ್ಲದಿದ್ದದ್ದು ಅದೇ ಬ್ರೇಕು. ಆ ರಾತ್ರಿ ಅಣ್ಣನ ಕೈಗೆ ಬಟ್ಟೆ ಕಟ್ಟುತ್ತಾ, "ಅಂದು ನಾನು ಹಾಗೆ ಅನ್ನಬಾರದಿತ್ತು" ಎಂದೆ. "ನಾನೂ" ಎಂದ. ಜಮೀನಿನ ತಕರಾರು ಅಂದೇ ಮುಗಿಯಲಿಲ್ಲ. ಆದರೆ ಮಾತು ಹತ್ತಿಕೊಂಡಿತು.

ಬ್ರೇಕು ಹೊಸದಾಯಿತು. ಗೆರೆಗಳು ಸವೆಯದಿದ್ದರೂ ಬಿರುಕು ಬಿಟ್ಟಿದ್ದ ಟೈರುಗಳನ್ನು ಬದಲಿಸಿದೆವು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಅದನ್ನೂ ವಿಮೆಯನ್ನೂ ಮಾಡಿಸಿಯೇ ರಸ್ತೆಗಿಳಿದೆವು. ಇಂದು ಬೆಳಿಗ್ಗೆ ಅಣ್ಣ ಕಾರು ಓಡಿಸಿದ. ಅಮ್ಮ ಮುಂದಿನ ಸೀಟಿನಲ್ಲಿ, ನಾನು ಹಿಂದೆ.

ನಿಮ್ಮ ಮನೆಯಲ್ಲೂ ಬಹುಕಾಲದಿಂದ ನಿಂತುಹೋದದ್ದು ಏನಾದರೂ ಇದ್ದರೆ, ಇಂದೇ ಹೋಗಿ ಬಾಗಿಲು ತೆರೆಯಿರಿ. ಆದರೆ ಅವಸರದಿಂದ ಕೀಲಿ ತಿರುಗಿಸಬೇಡಿ. ಸ್ವಲ್ಪ ಎಣ್ಣೆ ಬಿಟ್ಟು, ಕಾಯಿರಿ. ನಿಮ್ಮೆಲ್ಲರ ಪ್ರಯಾಣ ಸುಖಕರವಾಗಲಿ.