ಗೋಡೆಯಿಂದ ಬಂದ ಟಂಗ್‌ಸ್ಟನ್



ಪರಮಾಣು ಬೀಜಗಳ ಸಮ್ಮಿಳನದ ಮಾತು ಬಂದಾಗಲೆಲ್ಲ ಹದಿನೈದು ಕೋಟಿ ಡಿಗ್ರಿಯ ಬಿಸಿಯ ವರ್ಣನೆ ಕೇಳುತ್ತೇವೆ. ಅಷ್ಟು ಬಿಸಿ ಮಾಡುವ ವಿದ್ಯೆ ಕೈಗೂಡಿ ದಶಕಗಳೇ ಆದವು. ಆ ಬಿಸಿಯನ್ನು ಒಳಗಿನಿಂದಲೇ ಸೋರಿಸುವ ಒಂದು ಲೋಹದ ಬಗ್ಗೆ ಇವತ್ತು ಮಾತಾಡುತ್ತೇನೆ.

ಇಂಗ್ಲೆಂಡಿನ ಕಲ್ಹಮ್‌ನಲ್ಲಿ 1983ರಿಂದ 2023ರವರೆಗೆ ನಡೆದ ಜೆಟ್ ಎಂಬ ಟೋಕಾಮಾಕ್‌ನ, ಅಂದರೆ ಬಿಸಿ ಅನಿಲವಾದ ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಉಂಗುರಾಕಾರದ ಯಂತ್ರದ, ಒಳಗೋಡೆಗೆ ಬಹುಕಾಲ ಇಂಗಾಲದ ಹೆಂಚುಗಳಿದ್ದವು. ಇಂಗಾಲ ಟ್ರಿಟಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ವಿಕಿರಣಶೀಲ ಇಂಧನ ಗೋಡೆಯ ಪಾಲಾಗುವುದು ಯಾರಿಗೂ ಬೇಡ. ಹಾಗಾಗಿ 2011ರಲ್ಲಿ ಗೋಡೆಗೆ ಬೆರಿಲಿಯಂ, ಹೊರಬರುವ ಶಾಖ ಮತ್ತು ಕಣಗಳನ್ನು ತಡೆದುಕೊಳ್ಳುವ ತಳದ ಡೈವರ್ಟರ್‌ಗೆ ಟಂಗ್‌ಸ್ಟನ್ ಬಂದವು. ಟಂಗ್‌ಸ್ಟನ್ 3,422 ಡಿಗ್ರಿವರೆಗೆ ಕರಗದ ಗಟ್ಟಿ ಲೋಹವಾದರೂ ಕಣಗಳ ಹೊಡೆತಕ್ಕೆ ಅದರ ಪರಮಾಣುಗಳು ಕಿತ್ತು ಬಂದು ಪ್ಲಾಸ್ಮಾ ಸೇರುತ್ತವೆ. ಇಂಧನವಾದ ಜಲಜನಕ ತನ್ನ ಒಂದೇ ಎಲೆಕ್ಟ್ರಾನನ್ನು ಕಳೆದುಕೊಂಡು ಹೆಚ್ಚುಕಡಿಮೆ ಸುಮ್ಮನಾಗುತ್ತದೆ. ಟಂಗ್‌ಸ್ಟನ್ ತನ್ನ 74ರಲ್ಲಿ ನಲವತ್ತಕ್ಕೂ ಹೆಚ್ಚು ಕಳೆದುಕೊಂಡರೂ ಮೂವತ್ತರ ಆಸುಪಾಸು ಉಳಿಸಿಕೊಂಡು, ಶಾಖವನ್ನು ಎಕ್ಸ್-ರೇಗಳಾಗಿ ಹೊರಚೆಲ್ಲುತ್ತಲೇ ಇರುತ್ತದೆ. 1970ರ ದಶಕದಲ್ಲೇ ಪ್ರಿನ್ಸ್‌ಟನ್ನಿನ ಪಿಎಲ್‌ಟಿ ಯಂತ್ರದಲ್ಲಿ ಈ ಅನುಭವವಾಗಿ ಟಂಗ್‌ಸ್ಟನ್ನನ್ನು ಬಿಟ್ಟಿದ್ದರು.

ಇನ್ನು ಈ ಟಂಗ್‌ಸ್ಟನ್ ಪ್ಲಾಸ್ಮಾದೊಳಗೆ ಎಲ್ಲಿ ಸೇರುತ್ತದೆ ಎಂಬುದಕ್ಕೆ ಬರೋಣ; ಅದರಲ್ಲಿ ಪ್ಲಾಸ್ಮಾದ ತಿರುಗುವಿಕೆಗೆ ದೊಡ್ಡ ಪಾಲಿದೆ. ಬಿಸಿ ಮಾಡಲು ಒಳಗೆ ನುಗ್ಗಿಸುವ ತಟಸ್ಥ ಕಣಗಳ ಕಿರಣ ಪ್ಲಾಸ್ಮಾವನ್ನು ತಳ್ಳಿ ತಿರುಗಿಸುತ್ತದೆ. ಜೆಟ್‌ನಲ್ಲಿ ಸೆಕೆಂಡಿಗೆ 200-300 ಕಿಲೋಮೀಟರ್ ವೇಗ. ಇಂಧನದ ಡ್ಯುಟೀರಿಯಂಗೆ (ಭಾರದ ಜಲಜನಕಕ್ಕೆ) ಅದೇನೂ ದೊಡ್ಡದಲ್ಲ, ಅದರ ಸ್ವಂತ ಉಷ್ಣವೇಗವೇ ಇನ್ನೂ ಹೆಚ್ಚು. ಟಂಗ್‌ಸ್ಟನ್ ಅದಕ್ಕಿಂತ ಸುಮಾರು 91 ಪಟ್ಟು ಭಾರ. ಅದೇ ತಾಪದಲ್ಲಿ ಅದರ ಉಷ್ಣವೇಗ ಹತ್ತರಲ್ಲೊಂದು ಪಾಲಿನಷ್ಟೇ. ಆದ್ದರಿಂದ ಘಾಟಿಯ ತಿರುವಿನಲ್ಲಿ ಬಸ್ಸಿನ ಪ್ರಯಾಣಿಕರು ಒಂದು ಪಕ್ಕಕ್ಕೆ ವಾಲುವ ಹಾಗೆ ಟಂಗ್‌ಸ್ಟನ್ ಉಂಗುರದ ಹೊರಮಗ್ಗುಲಿಗೆ ಸರಿಯುತ್ತದೆ. ಮೃದು ಎಕ್ಸ್-ರೇ ಮಾಪನದಿಂದ ಕಟ್ಟಿದ ಚಿತ್ರಗಳಲ್ಲಿ ಇದು ಕಣ್ಣಿಗೇ ಬೀಳುತ್ತದೆ: ಹೊರಬದಿಯಲ್ಲಿ ಅರ್ಧಚಂದ್ರಾಕಾರದ ಹೊಳಪು.

ಹೊರಕ್ಕೆ ಸರಿದರೆ ಒಳ್ಳೆಯದೇ ಅಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಪ್ಲಾಸ್ಮಾ ಈರುಳ್ಳಿಯಂತೆ ಒಂದರೊಳಗೊಂದು ಕಾಂತೀಯ ಪದರಗಳಲ್ಲಿರುತ್ತದೆ; ಆ ಸರಿಯುವಿಕೆ ಅಂಥ ಒಂದೇ ಪದರದೊಳಗಿನದು. ಪದರದಿಂದ ಪದರಕ್ಕೆ ದಾಟುವುದು ಬೇರೆ ಕಥೆ. ಇಂಧನ ಅಯಾನುಗಳೊಡನೆ ನಡೆಯುವ ಡಿಕ್ಕಿಗಳು ಅದನ್ನು ದಾಟಿಸುತ್ತವೆ. ಇಂಧನದ ಸಾಂದ್ರತೆ ನಡುವೆ ಶಿಖರದಂತೆ ಏರಿದ್ದರೆ ಟಂಗ್‌ಸ್ಟನ್ ಒಳಕ್ಕೆ ಹೋಗುತ್ತದೆ. ತಾಪದ ಇಳಿಜಾರು ಕಡಿದಾಗಿದ್ದರೆ ಹೊರಕ್ಕೆ. ಹೊರಮಗ್ಗುಲಿಗೆ ಸರಿದ ಟಂಗ್‌ಸ್ಟನ್ನಿನಲ್ಲಿ ಈ ಸಾಗಣೆ ಹಲವು ಪಟ್ಟು ಜೋರಾಗುತ್ತದೆ. ನಟ್ಟನಡುವೆ ಪ್ರಕ್ಷುಬ್ಧತೆ ಸಪ್ಪೆಯಾಗಿರುವುದರಿಂದ ಕಲಕಿ ಹರಡುವವರೂ ಇಲ್ಲ. ಸಾಂದ್ರತೆ ಗೆದ್ದರೆ ಟಂಗ್‌ಸ್ಟನ್ ನಡುವೆ ಜಮೆಯಾಗಿ, ಕೇಂದ್ರವೇ ಅಂಚಿಗಿಂತ ಮೊದಲು ತಣ್ಣಗಾಗಿ, ಪ್ಲಾಸ್ಮಾ ಕುಸಿಯಬಹುದು. ಬಿಸಿ ಮಾಡಲು ಬಳಸಿದ ಕಿರಣದ ತಳ್ಳುವಿಕೆಯೇ ಬಿಸಿಗೆ ಮುಳುವಾಗುವ ವಿಪರ್ಯಾಸವಿದು.

ಇದಕ್ಕೆ ಪರಿಹಾರವಾಗಿ ಜೆಟ್‌ನವರು ಕೇಂದ್ರಕ್ಕೆ ರೇಡಿಯೋ ತರಂಗ ಹಾಯಿಸಿದರು. ಅದು ಸಾಂದ್ರತೆಯ ಶಿಖರವನ್ನು ತಗ್ಗಿಸುತ್ತದೆ, ಪ್ರಕ್ಷುಬ್ಧತೆಯನ್ನು ಎಬ್ಬಿಸುತ್ತದೆ. ಜೊತೆಗೆ ಆ ತರಂಗದಿಂದ ಬಿಸಿಯೇರಿದ, ಅಲ್ಪ ಪ್ರಮಾಣದಲ್ಲಿರುವ ಬೇರೊಂದು ಬಗೆಯ ಅಯಾನುಗಳು ಹೊರಬದಿಯಲ್ಲಿ ನೆರೆದು, ಅವುಗಳ ವಿದ್ಯುತ್ ವಿಭವ ಟಂಗ್‌ಸ್ಟನ್ನನ್ನು ಅಲ್ಲಿಂದ ಹಿಂದಕ್ಕೆ ತಳ್ಳುತ್ತದೆ. 2023ರಲ್ಲಿ ಜೆಟ್ 69 ಮೆಗಾಜೂಲ್ ಸಮ್ಮಿಳನ ಶಕ್ತಿಯ ದಾಖಲೆ ಬರೆದದ್ದು ಈ ಲೋಹದ ಗೋಡೆಯೊಳಗೇ.

ಭಾರತವೂ ಪಾಲುದಾರನಾಗಿರುವ ಫ್ರಾನ್ಸಿನ ಐಟರ್ ಟೋಕಾಮಾಕ್ ಈಗ ಬೆರಿಲಿಯಂ ಕೈಬಿಟ್ಟು ಒಳಗೋಡೆಗೂ ಟಂಗ್‌ಸ್ಟನ್ ಹೊದಿಸುವ ಯೋಜನೆಗೆ ಬಂದಿದೆ. ದೈತ್ಯ ಪ್ಲಾಸ್ಮಾ ಅಲ್ಲಿ ನಿಧಾನವಾಗಿ ತಿರುಗುವ ನಿರೀಕ್ಷೆಯಿದೆ, ಅದು ಸಮಾಧಾನದ ಸಂಗತಿ. ಆದರೆ ಸಾಂದ್ರತೆ-ತಾಪಗಳ ಹಗ್ಗಜಗ್ಗಾಟ ಅಲ್ಲಿಯೂ ಇದ್ದೇ ಇರುತ್ತದೆ. ಮುಂದೆ ಸಮ್ಮಿಳನದ ದಾಖಲೆಯ ಸುದ್ದಿ ಓದಿದಾಗ, ಎಷ್ಟು ಮೆಗಾಜೂಲ್ ಎಂಬುದರ ಜೊತೆಗೆ ಟಂಗ್‌ಸ್ಟನ್ ಎಲ್ಲಿತ್ತು ಎಂದೂ ಕೇಳಿ.