ಬಿದಿರು, ತೊಗಲು, ಹುಟ್ಟು

ಇವತ್ತು ನಾನು ಹೇಳಹೊರಟಿರುವುದು ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿಯ ಚರಿತ್ರೆ. ಮಾತು ಕೊನೆಗೆ ನಮ್ಮ ಕಾವೇರಿಗೇ ಬಂದು ಸೇರುತ್ತದೆ. ಆದರೆ ಶುರು ಮಾಡುವುದು ಬಹಳ ದೂರದಿಂದ, ಉತ್ತರ ಧ್ರುವದ ಹಿಮದ ನಡುವಿನಿಂದ.

1895ರ ಮಾರ್ಚ್ ತಿಂಗಳು. ನಾರ್ವೆ ದೇಶದ ಫ್ರಿಟ್ಯೋಫ್ ನಾನ್ಸೆನ್ ಮತ್ತು ಅವರ ಜೊತೆಗಾರ ಯಾಲ್ಮಾರ್ ಯೊಹಾನ್ಸೆನ್ ಹಿಮದಲ್ಲಿ ಸಿಕ್ಕಿಕೊಂಡಿದ್ದ ‘ಫ್ರಾಮ್’ ಹಡಗಿನಿಂದ ಇಳಿದು, ನಾಯಿಗಳು ಎಳೆಯುವ ಜಾರುಬಂಡಿಗಳೊಂದಿಗೆ ಧ್ರುವದ ಕಡೆ ಹೊರಟರು. 86 ಡಿಗ್ರಿ 14 ನಿಮಿಷ ಉತ್ತರ ಅಕ್ಷಾಂಶದವರೆಗೆ ಹೋದರು. ಅಷ್ಟು ದೂರಕ್ಕೆ ಅದುವರೆಗೆ ಯಾರೂ ಹೋಗಿರಲಿಲ್ಲ. ಮುಂದೆ ಸಾಗಲಾರದೆ ದಕ್ಷಿಣಕ್ಕೆ ತಿರುಗಿದರು. ಬೇಸಿಗೆಯಲ್ಲಿ ಹಿಮ ಒಡೆದು ನೀರು ಬಾಯಿ ಬಿಟ್ಟ ಕಡೆಯಲ್ಲೆಲ್ಲ ದಾಟಲು ಅವರ ಬಳಿ ಇದ್ದದ್ದು ಎರಡೇ ಎರಡು ಪುಟ್ಟ ಕಯಾಕ್ ದೋಣಿ. ಒಮ್ಮೆ ಆ ದೋಣಿಗಳು ಕಟ್ಟು ಬಿಚ್ಚಿಕೊಂಡು ತೇಲಿ ಹೋದಾಗ ನಾನ್ಸೆನ್ ಕೊರೆಯುವ ನೀರಿಗೆ ಹಾರಿ, ಈಜಿ, ಅವನ್ನು ಹಿಡಿದು ತಂದರು. ದೋಣಿ ಹೋದರೆ ಇಬ್ಬರ ಜೀವವೂ ಹೋದಂತೆಯೇ. 1896ರ ಜೂನ್‌ನಲ್ಲಿ ಇನ್ನೊಂದು ತಂಡದ ಕಣ್ಣಿಗೆ ಬಿದ್ದು ಅವರು ಬದುಕಿ ಊರು ಸೇರಿದರು.

ಆ ಕಯಾಕ್‌ಗಳ ಮೈಮೇಲಿನ ಹೊದಿಕೆ ಹಾಯಿಬಟ್ಟೆ. ಒಳಗಿನ ಹಂದರ ಬಿದಿರು. ನಾರ್ವೆಯ ಕಾಡುಗಳಲ್ಲಿ ಬಿದಿರು ಬೆಳೆಯುವುದಿಲ್ಲ. ಬೇರೆ ದೇಶದಿಂದ ಬಂದ ಬಿದಿರನ್ನೇ ಹುಡುಕಿ ಬಳಸಿದ್ದಕ್ಕೆ ಕಾರಣ ಅದು ಹಗುರ, ಬಾಗುತ್ತದೆ, ಪೆಟ್ಟು ಬಿದ್ದರೆ ಫಕ್ಕನೆ ಮುರಿಯುವುದಿಲ್ಲ. ಶ್ರೀರಂಗಪಟ್ಟಣದ ಕಾವೇರಿ ದಂಡೆಯಲ್ಲಿ ಹರಿಗೋಲು ಹೆಣೆಯುತ್ತಿದ್ದ ಯಾರನ್ನು ಕೇಳಿದ್ದರೂ ಇದೇ ಮೂರು ಗುಣ ಹೇಳುತ್ತಿದ್ದರು.

ಹರಿಗೋಲು ಕಟ್ಟುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂದಿನ ಮಕ್ಕಳು ಅದನ್ನು ನೋಡಿರುವುದು ಕಡಿಮೆ. ಸೀಳಿದ ಬಿದಿರಿನ ದಬ್ಬೆಗಳನ್ನು ನೆಲದ ಮೇಲೆ ಅಡ್ಡ, ಉದ್ದ, ಓರೆಯಾಗಿ ಹರಡಿ ಚಾಪೆಯಂತೆ ನೇಯುತ್ತಾರೆ. ನಟ್ಟನಡುವೆ ದಪ್ಪ ಕಲ್ಲುಗಳನ್ನು ಹೇರುತ್ತಾರೆ. ಆ ಭಾರಕ್ಕೆ ನಡುಭಾಗ ನೆಲ ಕಚ್ಚಿಕೊಂಡಿರುವಾಗ ಸುತ್ತಲಿನ ತುದಿಗಳನ್ನು ಮೇಲಕ್ಕೆ ಬಾಗಿಸಿ, ಒಂದರೊಳಗೊಂದು ಸೇರಿಸಿ, ಅಂಚು ಕಟ್ಟುತ್ತಾರೆ. ಆರೇಳು ಅಡಿ ಅಗಲದ ದುಂಡು ಬುಟ್ಟಿ ಸಿದ್ಧವಾಗುತ್ತದೆ. ಹಿಂದೆ ಅದರ ಹೊರಮೈಗೆ ದನದ ಇಲ್ಲವೆ ಎಮ್ಮೆಯ ತೊಗಲು ಹೊದಿಸಿ ಬಿಗಿಯುತ್ತಿದ್ದರು. ಆಮೇಲೆ ಗೋಣಿ, ಪ್ಲಾಸ್ಟಿಕ್ ಚೀಲ, ಅದರ ಮೇಲೆ ಡಾಂಬರು ಬಂತು. ಕೆಲಸ ಮುಗಿದ ಮೇಲೆ ಒಬ್ಬನೇ ಅದನ್ನು ತಲೆಯ ಮೇಲೆ ಕವುಚಿಕೊಂಡು ಮನೆಗೆ ಹೊತ್ತೊಯ್ಯಬಹುದು. ದಂಡೆಯಲ್ಲಿ ಬೋರಲು ಹಾಕಿದರೆ ಒಣಗುತ್ತದೆ, ಮಳೆ ಬಂದರೆ ಅದರಡಿ ಮಲಗಲೂಬಹುದು.

ಈ ಆಕಾರ ನಮ್ಮ ಹೊಳೆಗಳ ಸ್ವಭಾವದಿಂದಲೇ ಹುಟ್ಟಿದ್ದು. ಕಾವೇರಿ ಈ ಸೀಮೆಯಲ್ಲಿ ಬಂಡೆಗಳ ಮೇಲೆ ಹರಿಯುವ ಹೊಳೆ. ಒಂದು ಕಡೆ ಮೊಣಕಾಲುದ್ದ, ಹತ್ತು ಹೆಜ್ಜೆ ಆಚೆ ಮಡು. ಚೂಪು ತಳದ ಮರದ ದೋಣಿ ಬಂಡೆಗೆ ಬಡಿದರೆ ಸೀಳುತ್ತದೆ. ಹರಿಗೋಲು ತುಸು ಒಳಕ್ಕೆ ಬಾಗಿ ಜಾರಿಕೊಂಡು ಮುಂದೆ ಹೋಗುತ್ತದೆ. ಆದರೆ ನಡೆಸುವುದು ಸುಲಭವಲ್ಲ. ಹಿಂದೆ ಕೂತು ನೀರು ತಳ್ಳಿದರೆ ಅದು ಗಿರಗಿರನೆ ಸುತ್ತುತ್ತದೆ. ಅಂಬಿಗ ಮುಂದಿನ ಅಂಚಿನಲ್ಲಿ ನಿಂತೋ ಮಂಡಿಯೂರಿಯೋ, ಹುಟ್ಟನ್ನು ಮುಂದಕ್ಕೆ ಚಾಚಿ ಅದ್ದಿ, ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಎಳೆದಾಗ ಹರಿಗೋಲು ತಲೆ ಆಡಿಸುತ್ತಾ ನೇರ ಸಾಗುತ್ತದೆ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದೇ ದೋಣಿಯನ್ನು ಆನೆಗೊಂದಿಯ ಕಡವಿನಲ್ಲಿ ಕಂಡು ಬರೆದಿಟ್ಟಿದ್ದಾನೆ. ಒಳಗೆ ಹೆಣಿಗೆ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕೆಂದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ ಎಂದು ವಿವರಿಸುತ್ತಾನೆ. ಹೊಳೆಗಳಿರುವ ಕಡೆ ಈ ರಾಜ್ಯದಲ್ಲೆಲ್ಲ ಇದೇ ದೋಣಿ ಎಂಬ ಮಾತನ್ನೂ ಸೇರಿಸುತ್ತಾನೆ. ಅವನು ಹಾಗೆ ಬರೆಯುವ ಹೊತ್ತಿಗೆ ಅಂಬಿಗರ ಚೌಡಯ್ಯ ತುಂಗಭದ್ರೆಯಲ್ಲಿ ಹುಟ್ಟು ಹಾಕಿ ಸುಮಾರು 4 ಶತಮಾನ ಕಳೆದಿತ್ತು. ಲೆಕ್ಕವಿಲ್ಲದಷ್ಟು ಅಂಬಿಗರಲ್ಲಿ ನಮ್ಮ ನಾಲಿಗೆಯ ಮೇಲೆ ಉಳಿದಿರುವ ಹೆಸರು ಅವರದೊಂದೇ. ಅದೂ ವಚನ ಬರೆದದ್ದರಿಂದ ಉಳಿಯಿತು, ದೋಣಿ ನಡೆಸಿದ್ದರಿಂದಲ್ಲ.

ಶ್ರೀರಂಗಪಟ್ಟಣದ ಚರಿತ್ರೆಯನ್ನು ಕೋಟೆ, ಫಿರಂಗಿಗಳ ಕಡೆಯಿಂದ ನಾವು ಸಾಕಷ್ಟು ಓದಿದ್ದೇವೆ. ಹೊಳೆಯ ಕಡೆಯಿಂದ ಓದಿದರೆ ಬೇರೆಯೇ ಕಾಣುತ್ತದೆ. 1786ರ ಮಳೆಗಾಲದಲ್ಲಿ ಮರಾಠರು ತುಂಬಿ ಹರಿಯುವ ತುಂಗಭದ್ರೆಯೇ ತಮಗೆ ಕಾವಲು ಎಂದು ನಂಬಿ ಕೂತಿದ್ದಾಗ ಟಿಪ್ಪು ಸುಲ್ತಾನ್ ತನ್ನ ದಂಡನ್ನು ಹರಿಗೋಲು, ತೆಪ್ಪಗಳ ಮೇಲೆ ಆ ಪ್ರವಾಹದಲ್ಲೇ ದಾಟಿಸಿಬಿಟ್ಟ. ಅಷ್ಟು ಸೈನ್ಯ, ಅಷ್ಟು ಸಾಮಾನನ್ನು ಆ ಸೆಳವಿನಲ್ಲಿ ಎಳೆದವರು ಅಂಬಿಗರು. ನನ್ನ ಮಟ್ಟಿಗೆ ಅದು ಯಾವ ಧ್ರುವಯಾನಕ್ಕೂ ಕಡಿಮೆಯಲ್ಲದ ಸಾಹಸ.

1791ರ ಮೇ ತಿಂಗಳಲ್ಲಿ ಇಂಗ್ಲಿಷರ ದಂಡಿನೊಂದಿಗೆ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರಕ್ಕೇ ಬಂದ. ಅರಕೆರೆಯಲ್ಲಿ ಕಾದಾಟವಾಯಿತು. ಆದರೆ ಮಳೆ ಹಿಡಿದಿತ್ತು, ಎತ್ತುಗಳು ಸತ್ತಿದ್ದವು, ದಂಡಿಗೆ ಅನ್ನವಿರಲಿಲ್ಲ. ಹೊಳೆ ದಾಟಲೆಂದು ಕನ್ನಂಬಾಡಿಯವರೆಗೆ ಹೋದವನು ಅಲ್ಲಿಯೇ ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದು ಹಾಕಿ ಹಿಂದಿರುಗಿದ. 1799ರಲ್ಲಿ ಇಂಗ್ಲಿಷರು ಆ ಪಾಠ ಮರೆಯಲಿಲ್ಲ. ಮೇ 4ರ ಮಧ್ಯಾಹ್ನ, ಕಾವೇರಿ ಬತ್ತಿ ಬಂಡೆಗಳು ಎದ್ದು ಕಾಣುತ್ತಿದ್ದಾಗ ಕಾಲ್ನಡಿಗೆಯಲ್ಲೇ ನೀರು ಹಾಯ್ದು ಕೋಟೆ ಹತ್ತಿದರು. ಮಳೆಗಾಲ ಬೇಗ ಬಂದಿದ್ದರೆ ಏನಾಗುತ್ತಿತ್ತೋ ಹೇಳಲಾಗದು.

ಆಮೇಲೆ ಟಿಪ್ಪುವಿನ ಅರಮನೆ ದರಿಯಾ ದೌಲತ್‌ನಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಹರಿಗೋಲಿನ ಬೆಲೆ ಬಲ್ಲವನಾಗಿದ್ದ. 1803ರ ಮರಾಠಾ ಯುದ್ಧಕ್ಕೆ ಹೊರಟಾಗ, ದಾರಿಯ ಹೊಳೆಗಳನ್ನು ದಾಟಲು ತೊಗಲು ಹೊದಿಸಿದ ಬುಟ್ಟಿದೋಣಿಗಳನ್ನು ಮೊದಲೇ ಕಟ್ಟಿಸಿಡಲು ಆಜ್ಞೆ ಮಾಡಿದ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಇವನೇ. ಅತ್ತ ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಾವೇರಿಗೆ ಕಲ್ಲುಗಂಬಗಳ ಸೇತುವೆ ಮುಗಿಸಿದರು. ಸೇತುವೆ ಬಂದಲ್ಲಿ ಕಡವಿನ ದುಡಿಮೆ ಇಳಿಯಿತು.

ಈಗ ಮತ್ತೆ ಉತ್ತರಕ್ಕೆ. ಗ್ರೀನ್‌ಲ್ಯಾಂಡಿನ ಇನುಯಿಟ್ ಜನರಿಗೆ ಕಾಡಿಲ್ಲ, ಮರವಿಲ್ಲ. ಸಮುದ್ರ ತಂದು ದಡಕ್ಕೆ ಹಾಕಿದ ಕಟ್ಟಿಗೆ, ತಿಮಿಂಗಿಲದ ಎಲುಬು ಇವೇ ಅವರ ಹಂದರ. ಅದರ ಮೇಲೆ ಸೀಲ್ ಅಥವಾ ವಾಲ್ರಸ್ ಪ್ರಾಣಿಯ ತೊಗಲು. ಇದು ಉಮಿಯಾಕ್. ತೊಗಲಿನ ಹೊಲಿಗೆ ಹಾಕುವವರು ಹೆಂಗಸರು, ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟು ಹಾಕುತ್ತಿದ್ದವರೂ ಅವರೇ. ಮಕ್ಕಳು, ನಾಯಿಗಳು, ಡೇರೆ, ಅಡಿಗೆ ಪಾತ್ರೆ ಎಲ್ಲವನ್ನೂ ಹೇರಿಕೊಂಡು ಹಿಮಗಡ್ಡೆಗಳ ನಡುವೆ ಊರಿಂದೂರಿಗೆ ಹೋಗುತ್ತಿದ್ದರು. ಅವರೂ ದಡದಲ್ಲಿ ದೋಣಿಯನ್ನು ಬೋರಲು ಹಾಕಿ ಅದರಡಿ ಮಲಗುತ್ತಿದ್ದರು. ಒಬ್ಬರನ್ನೊಬ್ಬರು ನೋಡದ ಎರಡು ಜನಾಂಗ, ಒಂದು ಬಿಸಿಲಿನ ಹೊಳೆಯಲ್ಲಿ, ಇನ್ನೊಂದು ಹೆಪ್ಪುಗಟ್ಟಿದ ಕಡಲಿನಲ್ಲಿ, ಹಂದರ ಕಟ್ಟಿ ತೊಗಲು ಹೊದಿಸುವ ಒಂದೇ ಉಪಾಯಕ್ಕೆ ಬಂದವು. ನಾನ್ಸೆನ್ ಕಯಾಕ್ ಕಲಿತದ್ದೂ ಇನುಯಿಟರ ಬಳಿಯೇ, 1888ರಲ್ಲಿ ಗ್ರೀನ್‌ಲ್ಯಾಂಡ್ ದಾಟಿ ಅಲ್ಲಿ ಚಳಿಗಾಲ ಕಳೆದಾಗ.

2017ರ ಜುಲೈ, ಆಗಸ್ಟ್ ತಿಂಗಳಲ್ಲಿ ಐಸ್‌ಲ್ಯಾಂಡಿನ ಫಿಯಾನ್ ಪಾಲ್ ನಾಯಕತ್ವದ ತಂಡ ಆರ್ಕ್‌ಟಿಕ್ ಸಾಗರವನ್ನು ಬರೀ ಹುಟ್ಟಿನ ಬಲದಿಂದ ಹಾಯಿತು. ನಾರ್ವೆಯ ಟ್ರೋಮ್ಸೊದಿಂದ ಸ್ವಾಲ್ಬಾರ್ಡ್‌ನ ಲಾಂಗ್‌ಇಯರ್‌ಬ್ಯೆನ್, ಅಲ್ಲಿಂದ ಹಿಮದಂಚಿನವರೆಗೆ, ಬಳಿಕ ಯಾನ್ ಮಾಯೆನ್ ದ್ವೀಪ. ಮೊದಲ ಹಂತದಲ್ಲಿ ತಥಾಗತ ರಾಯ್ ಎಂಬ ಭಾರತೀಯರೂ ಇದ್ದರು. ಎರಡನೆಯ ಹಂತದಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಅಲೆಕ್ಸ್ ಗ್ರೆಗರಿ ಇದ್ದರು. ಮೋಡ ಮುಸುಕಿ ಸೌರಫಲಕಗಳಿಗೆ ಬಿಸಿಲು ಸಿಗಲಿಲ್ಲ, ಬ್ಯಾಟರಿ ಬರಿದಾಯಿತು, ದಿಕ್ಕು ಹಿಡಿಯುವ ಯಂತ್ರಗಳು ನಿಂತವು. ಬಟ್ಟೆ ಒಣಗಲೇ ಇಲ್ಲ. ದಿನವೆಲ್ಲ ಒದ್ದೆ ಕೈಗವಸಿನೊಳಗಿದ್ದು ಬಿಳಿಚಿ ಸುಕ್ಕುಗಟ್ಟಿದ ಗ್ರೆಗರಿಯ ಅಂಗೈಗಳ ಚಿತ್ರ ಜಗತ್ತೆಲ್ಲ ಹರಿದಾಡಿತು. ಮುಂದೆ ಐಸ್‌ಲ್ಯಾಂಡಿಗೆ ಹೋಗಬೇಕೆಂದಿದ್ದವರು ಯಾನ್ ಮಾಯೆನ್‌ನಲ್ಲೇ ಯಾತ್ರೆ ನಿಲ್ಲಿಸಿದರು. ನಿಲ್ಲಿಸಿದ್ದು ಸರಿಯಾಯಿತೆಂದೇ ನನ್ನ ಅಭಿಪ್ರಾಯ. ತುಂಬಿದ ಹೊಳೆಗೆ ಹರಿಗೋಲು ಇಳಿಸದ ಅಂಬಿಗನನ್ನು ನಮ್ಮಲ್ಲಿ ಯಾರೂ ಹೇಡಿ ಎನ್ನುವುದಿಲ್ಲ.

ಕನ್ನಡದ ಮನೆಯ ಮಗಳೊಬ್ಬಳ ಹೆಸರನ್ನು ಇಲ್ಲಿ ಹೇಳಲೇಬೇಕು. ಬೆಂಗಳೂರು ಮೂಲದ, ಇಂಗ್ಲೆಂಡಿನಲ್ಲಿ ಬೆಳೆದ ಅನನ್ಯಾ ಪ್ರಸಾದ್, ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಮೊಮ್ಮಗಳು. 2024ರ ಡಿಸೆಂಬರ್‌ನಲ್ಲಿ ಕ್ಯಾನರಿ ದ್ವೀಪಗಳ ಲಾ ಗೊಮೆರಾದಿಂದ ಒಬ್ಬರೇ ಹೊರಟು, ಸುಮಾರು 3,000 ಮೈಲಿ ಅಟ್ಲಾಂಟಿಕ್ ಸಾಗರವನ್ನು 52 ದಿನಗಳಲ್ಲಿ ಹುಟ್ಟು ಹಾಕಿ ದಾಟಿ, 2025ರ ಜನವರಿ 31ರಂದು ಆಂಟಿಗುವಾ ಮುಟ್ಟಿದರು. ಆ ಯಾತ್ರೆಯಿಂದ ಸಂಗ್ರಹಿಸಿದ ಹಣದಲ್ಲಿ ಪಾಲು ಪಡೆದ ಸಂಸ್ಥೆಗಳಲ್ಲಿ ಚಾಮರಾಜನಗರದ ದೀನಬಂಧು ಟ್ರಸ್ಟ್ ಕೂಡ ಒಂದು.

ಇನ್ನು ನಮ್ಮೂರುಗಳು. ನಾಗಮಂಗಲ ತಾಲ್ಲೂಕಿನಲ್ಲಿ ಹುಟ್ಟುವ ಲೋಕಪಾವನಿ ದೋಣಿ ಬೇಡುವ ಹೊಳೆಯಲ್ಲ. ಪಾಂಡವಪುರ ದಾಟಿ ಕರಿಘಟ್ಟದ ಬುಡದಲ್ಲಿ ಕಾವೇರಿ ಸೇರುತ್ತದೆ, ಅಷ್ಟೆ. ಕೆ.ಆರ್. ಪೇಟೆಯ ಕಥೆ ಬೇರೆ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಕಾವೇರಿಯನ್ನೂ ಹೇಮಾವತಿಯನ್ನೂ ಹಿಂದಕ್ಕೆ ತುಂಬಿಸಿ, ಹಳೆಯ ಕನ್ನಂಬಾಡಿ ಊರನ್ನೇ ಮುಳುಗಿಸಿ, ಕಡವುಗಳಿದ್ದ ಕಡೆ ಸಮುದ್ರದಂಥ ಹಿನ್ನೀರು ನಿಲ್ಲಿಸಿತು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಕೂಡುವ ತಾಣದಲ್ಲಿ ಇರುವ ಊರಿನ ಹೆಸರು ಅಂಬಿಗರಹಳ್ಳಿ. ಆ ಹಿನ್ನೀರಿನಲ್ಲಿ ಇಂದಿಗೂ ಮೀನುಗಾರರು ಹರಿಗೋಲಿನಲ್ಲೇ ಬಲೆ ಬಿಡುತ್ತಾರೆ. ಆದರೆ ತೊಗಲು ಹೋಗಿ ಬಹಳ ಕಾಲವಾಯಿತು, ಬಿದಿರೂ ಹೋಗುತ್ತಿದೆ, ಅದರ ಜಾಗಕ್ಕೆ ಫೈಬರ್ ಗ್ಲಾಸ್ ಬರುತ್ತಿದೆ.

ಶ್ರೀರಂಗಪಟ್ಟಣದಲ್ಲಿ ಹುಟ್ಟಿನ ಕಸುಬು ಇನ್ನೊಂದು ದಾರಿ ಹಿಡಿಯಿತು. ಕಂಠೀರವ ನರಸರಾಜ ಒಡೆಯರ ಕಾಲದ ಅಣೆಕಟ್ಟಿನಿಂದ ಉಂಟಾದ ನಡುಗಡ್ಡೆಗಳ ಮೇಲೆ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡ ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಇಲ್ಲಿ ದೋಣಿ ನಡೆಸುವವರು ಬಂಡೆಯ ಮೇಲೆ ಬಿಸಿಲು ಕಾಯುವ ಮೊಸಳೆಗೆ ಎಷ್ಟು ಹತ್ತಿರ ಹೋಗಬಹುದು, ಮರಿ ಇರುವ ಗೂಡಿನಿಂದ ಎಷ್ಟು ದೂರ ನಿಲ್ಲಬೇಕು ಎಂಬುದನ್ನು ಹುಟ್ಟಿನ ಒಂದೊಂದು ಎಳೆತದಲ್ಲಿ ಅಳೆಯುತ್ತಾರೆ. ಕಟ್ಟೆಯಿಂದ ಹೆಚ್ಚು ನೀರು ಬಿಟ್ಟ ದಿನ ದೋಣಿ ಕಟ್ಟಿಹಾಕುತ್ತಾರೆ.

ನಾನ್ಸೆನ್ನರ ದೋಣಿಯ ಅಳತೆ, ತೂಕ, ಯಾವ ದಿನ ಎಲ್ಲಿ ಹರಿಯಿತು, ಹೇಗೆ ತೇಪೆ ಹಾಕಿದರು ಎಂಬುದೆಲ್ಲ ಪುಸ್ತಕದಲ್ಲಿದೆ. ನಮ್ಮ ಹರಿಗೋಲಿಗೆ ಅಂಥ ಪುಸ್ತಕ ಬೇಕು. ಅಂಬಿಗರಹಳ್ಳಿಯಲ್ಲಿ, ಗಂಜಾಂ ಕಡೆಯ ಸಂಗಮದಲ್ಲಿ, ಹಿನ್ನೀರಿನ ಊರುಗಳಲ್ಲಿ ಬಿದಿರು ಹೆಣೆದ ಕೈಗಳು ಇನ್ನೂ ಇರುವಾಗಲೇ ನಮ್ಮ ಕಾಲೇಜಿನ ಹುಡುಗ ಹುಡುಗಿಯರು ಒಂದು ನೋಟ್‌ಬುಕ್ಕು, ಒಂದು ಅಳತೆ ಟೇಪು ಹಿಡಿದು ಅವರ ಮನೆಗೆ ಹೋಗಲಿ. ದಬ್ಬೆ ಎಷ್ಟು, ನೇಯ್ಗೆ ಹೇಗೆ, ಯಾವ ತಿಂಗಳ ಬಿದಿರು, ಯಾವ ಮಡುವಿನಲ್ಲಿ ಸೆಳವು ಎಂದು ಕೇಳಿ ಬರೆದುಕೊಳ್ಳಲಿ. ಹೇಳಿದವರ ಒಪ್ಪಿಗೆ ಪಡೆದು, ಪುಟದ ಮೇಲೆ ಮೊದಲು ಅವರ ಹೆಸರನ್ನು ಬರೆಯಲಿ.