ಎಣಿಕೆಗೆ ಸಿಕ್ಕ ನಂಬಿಕೆ: ಅಮೆರಿಕನ್ನರ ಧರ್ಮ, ರಾಜಕೀಯ, ನೆರೆಹೊರೆ



ನಮ್ಮಲ್ಲಿ ಜನಗಣತಿಗೆ ಬಂದವರು ಧರ್ಮ ಯಾವುದೆಂದು ಕೇಳಿ ಬರೆದುಕೊಳ್ಳುತ್ತಾರೆ. ಅಮೆರಿಕದ ಜನಗಣತಿಯಲ್ಲಿ ಆ ಪ್ರಶ್ನೆಯೇ ಇಲ್ಲ. ಅದನ್ನು ಕಡ್ಡಾಯವಾಗಿ ಕೇಳಕೂಡದೆಂದು 1976ರಲ್ಲಿ ಕಾನೂನೇ ಆಯಿತು. ಹಾಗಾಗಿ ಅಲ್ಲಿ ಯಾವ ಧರ್ಮದವರು ಎಷ್ಟಿದ್ದಾರೆಂದು ತಿಳಿಯಬೇಕಾದರೆ ಗ್ಯಾಲಪ್, ಪ್ಯೂ ಮುಂತಾದ ಸಮೀಕ್ಷಾ ಸಂಸ್ಥೆಗಳ ಮೊರೆ ಹೋಗಬೇಕು.

ಸಾವಿರಾರು ಜನರನ್ನು ಮಾತಾಡಿಸಿ ಇಡೀ ದೇಶದ ಮನಸ್ಸು ಹೇಳುವ ಈ ವಿದ್ಯೆಯನ್ನು ಎಷ್ಟು ನಂಬಬಹುದು? 1936ರ ಅಧ್ಯಕ್ಷ ಚುನಾವಣೆಯಲ್ಲಿ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಚೀಟಿ ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಮೀರಿ ಉತ್ತರ ಬಂದವು. ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆಂದು ಪತ್ರಿಕೆ ಸಾರಿತು; 48 ರಾಜ್ಯಗಳಲ್ಲಿ 46ನ್ನು ಎದುರಾಳಿ ರೂಸ್‌ವೆಲ್ಟ್ ಬಾಚಿಕೊಂಡರು. ಟೆಲಿಫೋನು, ಕಾರು ಇದ್ದವರ ಪಟ್ಟಿ ಹಿಡಿದು ಹೊರಟರೆ ಬಡವರ ಮನಸ್ಸು ಸಿಗುವುದೆಲ್ಲಿ? ಅದಕ್ಕಿಂತ ಎಷ್ಟೋ ಕಡಿಮೆ ಜನರನ್ನು ಕೇಳಿದ ಜಾರ್ಜ್ ಗ್ಯಾಲಪ್, ಗೆಲ್ಲುವವರು ಯಾರೆಂದು ಸರಿಯಾಗಿ ಹೇಳಿದ್ದರು.

ಧರ್ಮದ ವಿಷಯದಲ್ಲಿ ತೊಡಕು ಬೇರೆ. ಇಲ್ಲಿ ಉತ್ತರ ಕೊಡುವವನೇ ಸ್ವಲ್ಪ ಬಣ್ಣ ಹಚ್ಚುತ್ತಾನೆ. ಕಳೆದ ವಾರ ಚರ್ಚಿಗೆ ಹೋಗಿದ್ದಿರಾ ಎಂದರೆ ಹತ್ತರಲ್ಲಿ ನಾಲ್ವರು ಹೌದೆನ್ನುತ್ತಿದ್ದರು. ಮೂವರು ಸಮಾಜಶಾಸ್ತ್ರಜ್ಞರು ಪ್ರಾರ್ಥನೆಗೆ ಬಂದವರ ತಲೆಯೆಣಿಕೆಯ ಜೊತೆ ಈ ಉತ್ತರವನ್ನು ತಾಳೆ ನೋಡಿ, ನಿಜವಾಗಿ ಬರುವವರು ಅದರ ಸುಮಾರು ಅರ್ಧ ಮಾತ್ರ ಎಂದು 1993ರಲ್ಲಿ ಬರೆದರು. ನನಗೆ ಈ ಸುಳ್ಳು ನಿಜಕ್ಕಿಂತ ಉಪಯುಕ್ತ. ಹೋಗದವನೂ ಹೋದೆನೆಂದು ಹೇಳಬೇಕೆನಿಸುವಂಥ ಸಮಾಜ ಅದು ಎಂದು ತಿಳಿಯುವುದು ಇದರಿಂದಲೇ.

ಆ ಮುಲಾಜು ಈಗ ಸಡಿಲವಾಗಿದೆ. ಗ್ಯಾಲಪ್ ಮೊದಲು ಕೇಳಿದ 1937ರಲ್ಲಿ ಶೇ. 73 ಮಂದಿ ತಾವು ಯಾವುದಾದರೂ ಚರ್ಚಿನ ಸದಸ್ಯರೆಂದರು; 1999ರಲ್ಲೂ ಶೇ. 70. 2020ರಲ್ಲಿ ಅದು ಶೇ. 47ಕ್ಕೆ ಇಳಿಯಿತು, ಅದೂ ಯೆಹೂದಿಗಳ ಸಿನಗಾಗ್, ಮಸೀದಿಗಳ ಸದಸ್ಯರನ್ನು ಸೇರಿಸಿಕೊಂಡು. ಅರವತ್ತು ವರ್ಷ ಕದಲದೆ ಇದ್ದದ್ದು ಇಪ್ಪತ್ತೇ ವರ್ಷದಲ್ಲಿ ಕುಸಿದದ್ದೇಕೆ? ವಿಜ್ಞಾನ, ಓದು, ನಗರ ಜೀವನ ಎಂಬ ಉತ್ತರಗಳು ಸಾಲವು. ಅವೆಲ್ಲ ಆ ಅರವತ್ತು ವರ್ಷವೂ ಇದ್ದವು.

ನಾನು ಒಪ್ಪುವ ಕಾರಣ ರಾಜಕೀಯದ್ದು. 1979ರಲ್ಲಿ ಜೆರ್ರಿ ಫಾಲ್ವೆಲ್ ಎಂಬ ಪಾದ್ರಿ ‘ಮಾರಲ್ ಮೆಜಾರಿಟಿ’ ಎಂಬ ರಾಜಕೀಯ ಸಂಘಟನೆ ಕಟ್ಟಿದರು. ಗರ್ಭಪಾತ, ಸಲಿಂಗಕಾಮದ ವಿರೋಧವೇ ಕ್ರೈಸ್ತರ ಗುರುತೆಂಬಂತಾಗಿ ಧರ್ಮನಿಷ್ಠೆ ರಿಪಬ್ಲಿಕನ್ ಪಕ್ಷದ ಕಡೆ ವಾಲಿತು. ಆ ರಾಜಕೀಯ ಬೇಡವಾದವರು ಚರ್ಚಿನ ಹೆಸರನ್ನೂ ಬಿಟ್ಟರು. ಸಮಾಜಶಾಸ್ತ್ರಜ್ಞರಾದ ಮೈಕೆಲ್ ಹೌಟ್, ಕ್ಲಾಡ್ ಫಿಶರ್ 2002ರಲ್ಲಿ ಮಂಡಿಸಿದ ವಾದವಿದು: ತೊಂಬತ್ತರ ದಶಕದಲ್ಲಿ ಧರ್ಮ ಯಾವುದೂ ಇಲ್ಲ ಎನ್ನುವವರು ಶೇ. 7ರಿಂದ 14ಕ್ಕೆ ಏರಿದರು, ಆದರೆ ದೇವರ ಮೇಲಿನ ನಂಬಿಕೆ ಅಷ್ಟೇನೂ ಕುಗ್ಗಲಿಲ್ಲ. ಪ್ಯೂ ಸಂಸ್ಥೆಯ 2023–24ರ ಸಮೀಕ್ಷೆಯಲ್ಲಿ ಅಂಥವರು ಶೇ. 29. ಅವರಲ್ಲೂ ಹೆಚ್ಚಿನವರು ದೇವರನ್ನೋ ಯಾವುದೋ ಒಂದು ಶಕ್ತಿಯನ್ನೋ ನಂಬುವವರೇ. ನಂಬಿಕೆ ನೋಡಿ ಪಕ್ಷ ಆರಿಸುವುದು ಹೋಗಿ, ಪಕ್ಷ ನೋಡಿ ಧರ್ಮದ ಲೇಬಲ್ಲು ಆರಿಸುವ ಕಾಲ ಬಂದಿದೆ.

ಹಾಗೆಂದು ರಾಜಕೀಯ ಹೊಕ್ಕ ಚರ್ಚೆಲ್ಲ ಬರಿದಾಯಿತೆನ್ನಲಾಗದು. ಮಾಂಟ್‌ಗೊಮೆರಿಯ ವರ್ಣಭೇದ ವಿರೋಧಿ ಬಸ್ ಬಹಿಷ್ಕಾರಕ್ಕೆ 1955ರ ಡಿಸೆಂಬರ್ 5ರಂದು ಸಾವಿರಾರು ಕಪ್ಪು ಜನ ನೆರೆದದ್ದು ಹೋಲ್ಟ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ. ಬಸ್ಸು ಬಿಟ್ಟವರನ್ನು ಕೆಲಸಕ್ಕೆ ಮುಟ್ಟಿಸುವ ಕಾರುಗಳ ಏರ್ಪಾಟಿಗೂ ಚರ್ಚುಗಳೇ ಆಸರೆ. ಇಂದಿಗೂ ಕಪ್ಪು ಪ್ರಾಟೆಸ್ಟೆಂಟರು ದೇಶದ ಅತ್ಯಂತ ಶ್ರದ್ಧಾಳುಗಳ ಸಾಲಿನಲ್ಲಿದ್ದಾರೆ, ವೋಟು ಮಾತ್ರ ಬಹುಪಾಲು ಡೆಮಾಕ್ರಟಿಕ್ ಪಕ್ಷಕ್ಕೆ. ಟೀವಿ ಚರ್ಚೆಗಳಲ್ಲಿ ‘ಧಾರ್ಮಿಕ ಮತದಾರ’ ಎಂದರೆ ಬಿಳಿಯರೆಂದೇ ಅರ್ಥ, ಅದೊಂದು ಸೋಮಾರಿತನ.

ರಾಜ್ಯಶಾಸ್ತ್ರಜ್ಞರಾದ ರಾಬರ್ಟ್ ಪುಟ್ನಮ್ ಮತ್ತು ಡೇವಿಡ್ ಕ್ಯಾಂಪ್‌ಬೆಲ್ ತಮ್ಮ 2010ರ ಪುಸ್ತಕದಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಚರ್ಚಿಗೆ ಹೋಗುವವರು ದಾನವನ್ನೂ ಹೆಚ್ಚು ಮಾಡುತ್ತಾರೆ, ಸ್ವಯಂಸೇವೆಯನ್ನೂ. ಆದರೆ ಅವರನ್ನು ಎಬ್ಬಿಸುವುದು ಸ್ವರ್ಗ-ನರಕದ ನಂಬಿಕೆಯಲ್ಲ, ಅಲ್ಲಿ ಸಿಕ್ಕ ಗೆಳೆಯರು. ಎಷ್ಟೇ ಭಕ್ತಿಯಿದ್ದರೂ ಒಂಟಿಯಾಗಿ ಬಂದು ಹೋಗುವವನಲ್ಲಿ ಆ ಗುಣ ಅಷ್ಟಾಗಿ ಕಾಣದು. ಪಕ್ಕದ ಬೆಂಚಿನವನು ಶನಿವಾರ ರಕ್ತದಾನಕ್ಕೆ ಬರುತ್ತೀಯಾ ಎಂದು ಕೇಳಿದರೆ ಇಲ್ಲವೆನ್ನುವುದು ಕಷ್ಟ. ಕುಡಿತ ಬಿಡಿಸುವ ಸಂಘದ ಸಭೆಗಳೂ ಬಡವರಿಗೆ ದಿನಸಿ ಹಂಚುವ ಉಗ್ರಾಣಗಳೂ ಎಷ್ಟೋ ಊರುಗಳಲ್ಲಿ ಇಂದಿಗೂ ನಡೆಯುತ್ತಿರುವುದು ಚರ್ಚುಗಳ ನೆಲಮಾಳಿಗೆಯಲ್ಲಿ. ಚರ್ಚು ಬಿಟ್ಟವರು ದೇವರನ್ನು ಮನೆಯಲ್ಲೇ ಇಟ್ಟುಕೊಂಡರು ಸರಿ. ಪಕ್ಕದ ಬೆಂಚಿನವನ ಜಾಗಕ್ಕೆ ಯಾರು ಬಂದರೆಂದು ಹುಡುಕಿದರೆ, ಅಷ್ಟು ಜನರನ್ನು ವಾರವಾರ ಒಂದೆಡೆ ಕೂರಿಸುವ ಬೇರೊಂದು ಸಂಸ್ಥೆ ನನಗಂತೂ ಅಲ್ಲಿ ಕಾಣುವುದಿಲ್ಲ.